ನಗೆಯ ಹಡಗಿನಲ್ಲಿ ಹೆಣ್ಣುಮಗುವಿಗೆ ಜಾಗವಿಲ್ಲವೆ?

ಕಳೆದ ಯುಗಾದಿಗೆ ಅಕ್ಕನ ಮನೆಗೆ ಹೋಗಿದ್ದೆ. ಹೋಳಿಗೆ ಊಟವಾಗಿ, ಎಲೆ ಅಡಿಕೆ ಹಾಕಿಕೊಂಡು ಗಂಡಸರೆಲ್ಲ ಹಜಾರದಲ್ಲಿ ಕುಳಿತು ಕ್ರಿಕೆಟ್ ತಂಡದ ಆಯ್ಕೆಯ ಬಗ್ಗೆ ಮಾತಿಗಿಳಿದರು. ಯಾರನ್ನು ಬಿಡಬೇಕಿತ್ತು, ಯಾರನ್ನು ಸೇರಿಸಬೇಕಿತ್ತು ಎಂದು ಎರಡು ಗಂಟೆ ಕಾಲ ನಡೆಯಿತು ಆ ಚರ್ಚೆ. ಅದನ್ನು ಯಾರೂ ಹುಚ್ಚೆನ್ನಲಿಲ್ಲ. ಅದೇ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಾನೂ ಅಕ್ಕನ ಮಗನೂ 'ದಿ ಆರ್ವಿಲ್' ಎಂಬ ಅಮೆರಿಕದ ಧಾರಾವಾಹಿಯ ಮುಂದಿನ ಸೀಸನ್ ಹೇಗಿರಬೇಕೆಂದು ಇಪ್ಪತ್ತು ನಿಮಿಷ ಜಗಳವಾಡಿದೆವು. ಅಷ್ಟಕ್ಕೇ ಭಾವ ಕೂತಲ್ಲಿಂದಲೇ, "ಅರವತ್ತಕ್ಕೆ ಅರಳು ಮರಳು ಅಂತಾರಲ್ಲಮ್ಮ, ನಿನಗೆ ಸರಿಯಾಗಿ ಅರವತ್ತಕ್ಕೇ ಶುರುವಾಯ್ತು ನೋಡು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಭಾವನ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಹೆಂಗಸರು ಕಾದಂಬರಿ ಓದಿದರೂ ಈ ಮಾತು ಬಂದಿತ್ತು, ಟಿ.ವಿ. ನೋಡಿದರೂ ಬಂದಿತ್ತು. ನನ್ನ ತಕರಾರು ಇರುವುದು ಅಕ್ಕನ ಮಗನ ಮಾತಿನ ಮೇಲೆ. ಅವನು ಹೇಳಿದ್ದಿಷ್ಟು: "ಚಿಕ್ಕಮ್ಮ, ಮುಂದಿನ ಸೀಸನ್‌ನಲ್ಲಿ ಆ ಹೆಣ್ಣುಮಗುವಿನ ಗೋಳೊಂದನ್ನು ಬಿಟ್ಟುಬಿಟ್ಟರೆ ಸಾಕು. ಮೊದಲಿನ ಹಾಗೆ ನಗಿಸಲಿ. ತಮಾಷೆಯ ಧಾರಾವಾಹಿಗೆ ಅದೆಲ್ಲ ಯಾಕೆ ಬೇಕು?"

ಈ ಮಾತು ಅವನೊಬ್ಬನದಲ್ಲ. ಈ ಧಾರಾವಾಹಿಯನ್ನು ಮೆಚ್ಚಿದವರಲ್ಲಿ ಅರ್ಧ ಜನ ಇದನ್ನೇ ಹೇಳುತ್ತಾರೆ. ಅಂದು ಹಬ್ಬದ ಮನೆಯಲ್ಲಿ ನನಗೆ ಪೂರ್ತಿ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತೇನೆ.

ನೋಡದವರಿಗಾಗಿ ಮೊದಲು ಎರಡು ಮಾತು. ಇದು ಇನ್ನು ನಾನೂರು ವರ್ಷದ ಮುಂದಿನ ಕಥೆ. ಆರ್ವಿಲ್ ಎನ್ನುವುದು ಆಕಾಶದಲ್ಲಿ ತಿರುಗುವ ಒಂದು ಹಡಗು. ಅದರ ಕ್ಯಾಪ್ಟನ್ ಎಡ್ ಮರ್ಸರ್. ಅವನ ಕೈಕೆಳಗಿನ ಮೊದಲ ಅಧಿಕಾರಿಯಾಗಿ ಬಂದವಳು ಅವನಿಂದ ವಿಚ್ಛೇದನ ಪಡೆದ ಹೆಂಡತಿ ಕೆಲಿ. ಬಿಟ್ಟ ಗಂಡ, ಬಿಟ್ಟ ಹೆಂಡತಿ ಒಂದೇ ಕಚೇರಿಯಲ್ಲಿ ಎದುರುಬದುರು ಮೇಜಿನಲ್ಲಿ ಕುಳಿತರೆ ಹೇಗಿರುತ್ತದೋ ಊಹಿಸಿಕೊಳ್ಳಿ. ಬೋರ್ಟಸ್ ಎಂಬ ಗಂಭೀರ ಮುಖದ ಅಧಿಕಾರಿಯೊಬ್ಬನಿದ್ದಾನೆ. ಅವನ ಜನಾಂಗದವರು ವರ್ಷಕ್ಕೆ ಒಂದೇ ಸಲ ಮೂತ್ರಕ್ಕೆ ಹೋಗುವವರು, ಕಳ್ಳಿಗಿಡವನ್ನಾದರೂ ತಿಂದು ಅರಗಿಸಿಕೊಳ್ಳುವವರು. ಹಡಗಿನ ವೈದ್ಯೆ ಕ್ಲೇರ್ ಗಂಡನಿಲ್ಲದೆ ಇಬ್ಬರು ಗಂಡುಮಕ್ಕಳನ್ನು ಸಾಕುತ್ತಿರುವ ತಾಯಿ. ಅವಳ ಹಿಂದೆ ಸುತ್ತುವವನು ಯಾಫಿಟ್ ಎಂಬ ಲೋಳೆಯ ಮುದ್ದೆಯಂಥ ಜೀವಿ. ಹಾಸ್ಯವೆಂದರೇನೆಂದು ಕಲಿಯಲು ಹೊರಟ ಐಸಾಕ್ ಎಂಬ ಯಂತ್ರಮಾನವ, ಮಲಗಿದ್ದ ಗೆಳೆಯನ ಕಾಲನ್ನೇ ಕತ್ತರಿಸಿ ಬಚ್ಚಿಟ್ಟು 'ಇದು ತಮಾಷೆ' ಎನ್ನುತ್ತಾನೆ. ಭವಿಷ್ಯದ ವೈದ್ಯಶಾಸ್ತ್ರಕ್ಕೆ ಕಾಲು ಮತ್ತೆ ಬೆಳೆಸುವುದು ದೊಡ್ಡ ಕೆಲಸವಲ್ಲ ಬಿಡಿ.

ಇದನ್ನು ಬರೆದು, ತಾನೇ ಕ್ಯಾಪ್ಟನ್ ಆಗಿ ನಟಿಸಿದವನು ಸೆತ್ ಮ್ಯಾಕ್‌ಫರ್ಲೇನ್. ವ್ಯಂಗ್ಯದ ಕಾರ್ಟೂನ್ ಧಾರಾವಾಹಿಯಿಂದ ಹೆಸರು ಮಾಡಿದವನು. 2017ರ ಸೆಪ್ಟೆಂಬರ್‌ನಲ್ಲಿ ಮೊದಲ ಸೀಸನ್ ಶುರುವಾಯಿತು. ಎರಡನೆಯದು 2019ರ ಏಪ್ರಿಲ್‌ನಲ್ಲಿ ಮುಗಿಯಿತು. ಕೊರೊನಾ ಕಾಲದ ಅಡಚಣೆ ದಾಟಿ ಮೂರನೆಯದು ಬಂದಿದ್ದು 2022ರಲ್ಲಿ. ಆ ವರ್ಷದ ಆಗಸ್ಟ್ 4ರಂದು ಒಂದು ಮದುವೆಯೊಡನೆ ಅದು ಮುಗಿಯಿತು. ಅಂದಿನಿಂದ ನಾಲ್ಕನೆಯದರ ಮಾತೇ ಮಾತು. ಕಥೆ ಮುಗಿದಿಲ್ಲವೆಂದು ಮ್ಯಾಕ್‌ಫರ್ಲೇನ್ ಸಂದರ್ಶನಗಳಲ್ಲಿ ಹೇಳಿದರು. 2023 ಹೋಯಿತು, 2024 ಹೋಯಿತು. ಹಡಗು ಹೊರಡಲಿಲ್ಲ, ನಮ್ಮ ಜಗಳವೂ ನಿಲ್ಲಲಿಲ್ಲ.

ಈಗ ಆ 'ಗೋಳಿ'ನ ವಿಷಯ. ಮೊದಲ ಸೀಸನ್ನಿನ ಮೂರನೆಯ ಕಂತು ಅದು. ಬೋರ್ಟಸ್‌ನ ಗ್ರಹದಲ್ಲಿ ಇರುವವರೆಲ್ಲ ಗಂಡಸರೇ. ಮೊಟ್ಟೆಯಿಟ್ಟು ಕಾವು ಕೊಡುವವರೂ ಗಂಡಸರೇ. ಎಲ್ಲೋ ಅಪರೂಪಕ್ಕೆ ಹೆಣ್ಣು ಹುಟ್ಟಿದರೆ ಅದೊಂದು ಊನ. ಸೀಳುತುಟಿಯನ್ನು ಸರಿಪಡಿಸುವ ಹಾಗೆ ಶಸ್ತ್ರಚಿಕಿತ್ಸೆ ಮಾಡಿ ಗಂಡಾಗಿಸಿಬಿಡುವುದು ಅಲ್ಲಿಯ ರೂಢಿ. ಬೋರ್ಟಸ್ ಮತ್ತು ಅವನ ಸಂಗಾತಿ ಕ್ಲೈಡನ್‌ಗೆ ಹುಟ್ಟಿದ್ದು ಹೆಣ್ಣು. ಇಬ್ಬರೂ ವೈದ್ಯೆಯ ಬಳಿ ಬಂದು 'ಸರಿಮಾಡಿಕೊಡಿ' ಎನ್ನುತ್ತಾರೆ. ಅವಳು ಒಲ್ಲೆನೆನ್ನುತ್ತಾಳೆ. ಕ್ಯಾಪ್ಟನ್ನೂ ಒಪ್ಪುವುದಿಲ್ಲ. ವಾದ ಎಷ್ಟು ನಡೆದರೂ ಬೋರ್ಟಸ್ ಬಗ್ಗುವುದಿಲ್ಲ.

ಅವನು ಬಗ್ಗುವುದು ಯಾವುದಕ್ಕೆ ಗೊತ್ತೆ? ಇಬ್ಬರು ಗೆಳೆಯರು ಅವನನ್ನು ಕೂರಿಸಿಕೊಂಡು 1964ರ ಒಂದು ಮಕ್ಕಳ ಗೊಂಬೆ ಚಿತ್ರ ತೋರಿಸುತ್ತಾರೆ. ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫನ ಕಥೆ. ಎಲ್ಲರೂ ಆಡಿಕೊಂಡು ನಗುತ್ತಿದ್ದ ಆ ಮೂಗಿನ ಬೆಳಕೇ ಮಂಜು ಕವಿದ ರಾತ್ರಿಯಲ್ಲಿ ಎಲ್ಲರಿಗೂ ದಾರಿಯಾಗುತ್ತದೆ. ಅದನ್ನು ನೋಡಿ ಆ ಬಂಡೆಯಂಥ ಮನುಷ್ಯ ಮನಸ್ಸು ಬದಲಿಸುತ್ತಾನೆ. ಅಕ್ಕನ ಮಗನಿಗೆ ನನ್ನ ಮೊದಲ ಉತ್ತರ ಇದೇ. ನಗುವನ್ನೂ ಹೆಣ್ಣುಮಗುವನ್ನೂ ಬೇರೆ ಮಾಡಿ ಎನ್ನುತ್ತೀಯಲ್ಲ, ಆ ಮಗುವಿನ ಪರವಾಗಿ ಅಪ್ಪನ ಮನಸ್ಸು ತಿರುಗಿಸಿದ್ದೇ ಒಂದು ಹಗುರವಾದ ಮಕ್ಕಳ ಕಥೆ ಕಣೋ. ಈ ಧಾರಾವಾಹಿ ತಾನು ನಂಬಿದ್ದನ್ನು ಮೂರನೆಯ ವಾರದಲ್ಲೇ ಹೇಳಿಬಿಟ್ಟಿತ್ತು, ನೀನು ಗಮನಿಸಲಿಲ್ಲ.

ಮುಂದೆ ವಿಚಾರಣೆ ನಡೆಯುತ್ತದೆ. ಮಗುವಿನ ಪರ ಕೆಲಿ ವಾದಿಸುತ್ತಾಳೆ. ಬೆಟ್ಟದ ಗವಿಯಲ್ಲಿ ಒಂಟಿಯಾಗಿ ಬದುಕಿದ್ದ ಹೆವೀನಾ ಎಂಬ ಮುದುಕಿಯನ್ನು ಕರೆತರುತ್ತಾರೆ. ಹೆಣ್ಣಾಗಿ ಹುಟ್ಟಿ ಹೆಣ್ಣಾಗಿಯೇ ಉಳಿದವಳು ಅವಳು. ಆ ಗ್ರಹವೇ ಹೆಮ್ಮೆಪಡುವ ಮಹಾಲೇಖಕ ಬೇರಾರೂ ಅಲ್ಲ, ಗಂಡಸಿನ ಹೆಸರಿನಲ್ಲಿ ಬರೆದ ಅವಳೇ ಎಂದು ಸಭೆಯಲ್ಲಿ ಬಯಲಾಗುತ್ತದೆ. ಮೇರಿ ಆನ್ ಇವಾನ್ಸ್ ಎಂಬಾಕೆ ಜಾರ್ಜ್ ಎಲಿಯಟ್ ಆಗಿ ಬರೆದ ಭೂಮಿಯಿಂದ ಬಂದ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ. ಇಷ್ಟಾದರೂ ತೀರ್ಪು ಮಗುವಿನ ವಿರುದ್ಧವೇ ಬರುತ್ತದೆ. ಶಸ್ತ್ರಚಿಕಿತ್ಸೆ ನಡೆದುಹೋಗುತ್ತದೆ. ಮಗುವಿಗೆ ಟೋಪಾ ಎಂದು ಹೆಸರಿಡುತ್ತಾರೆ.

ಈ ಕಂತನ್ನು ನಾನು ನೋಡಿದ್ದು 2020ರಲ್ಲಿ. ಪುಣೆಯಲ್ಲಿ ಕೆಲಸದಲ್ಲಿದ್ದ ಕಿರಿಯ ಮಗಳು ಲಾಕ್‌ಡೌನ್ ಆಗಿ ಮನೆಗೆ ಬಂದಿದ್ದಳು. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು, ಅರ್ಥವಾಗದ ಕಡೆ ಕನ್ನಡದಲ್ಲಿ ಹೇಳುತ್ತ ತೋರಿಸುತ್ತಿದ್ದಳು. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ 'ಸ್ಟಾರ್ ಟ್ರೆಕ್' ನೋಡಿದ್ದ ನನಗೆ ಆಕಾಶದ ಹಡಗು ಹೊಸದಲ್ಲ. ಎರಡು ಕಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೂರನೆಯದು ಮುಗಿದಾಗ ಎದ್ದು ಅಡುಗೆಮನೆಗೆ ಹೋಗಿ ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ. "ಏನಾಯ್ತಮ್ಮ?" ಎಂದಳು ಮಗಳು. ಏನೂ ಇಲ್ಲ ಎಂದೆ.

ಏನಾಗಿತ್ತೆಂದು ಈಗ ಹೇಳುತ್ತೇನೆ. 1994ರ ಮಾರ್ಚ್. ಎರಡು ಹೆಣ್ಣುಮಕ್ಕಳ ಮೇಲೆ ಮೂರನೆಯ ಬಸುರಿ ನಾನು. ಅತ್ತೆಯವರು ಮೊರದಲ್ಲಿ ಅಕ್ಕಿ ಆರಿಸುತ್ತ, ತಲೆಯೆತ್ತದೆ, "ಈಗ ಮೊದಲೇ ಗೊತ್ತಾಗತ್ತಂತಲ್ಲ, ಒಂದ್ಸಲ ತೋರಿಸಿಕೊಂಡು ಬಾ" ಎಂದರು. ನಮ್ಮ ಯಜಮಾನರು ಪತ್ರಿಕೆ ಓದುತ್ತಿದ್ದರು, ಓದುತ್ತಲೇ ಇದ್ದರು. ನಾನು ಬಸ್ಸು ಹತ್ತಿದೆ. ಹಠ ಮಾಡಿದೆ, ಪ್ರತಿಭಟಿಸಿದೆ ಎಂದು ಹೇಳಿಕೊಳ್ಳಲು ನನ್ನ ಬಳಿ ಏನೂ ಇಲ್ಲ. ಸುಮ್ಮನೆ ಹೋದೆ.

ಜಿಲ್ಲಾ ಕೇಂದ್ರದ ಒಂದು ಸ್ಕ್ಯಾನಿಂಗ್ ಕೇಂದ್ರ. ಉದ್ದನೆಯ ಬೆಂಚಿನ ಮೇಲೆ ಏಳೆಂಟು ಜನ ಬಸುರಿಯರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನನ್ನ ಸರದಿಗೆ ಇಬ್ಬರು ಬಾಕಿ ಇದ್ದಾಗ ಕರೆಂಟು ಹೋಯಿತು. ಆ ದಿನಗಳ ಲೋಡ್ ಶೆಡ್ಡಿಂಗ್ ನಿಮಗೆ ನೆನಪಿರಬೇಕು. ಕಿಟಕಿಯಿಲ್ಲದ ಆ ಕೋಣೆ ಕತ್ತಲಾಯಿತು. ಆಯಾ ಮೇಣದಬತ್ತಿ ಹುಡುಕುತ್ತಿದ್ದಳು. ಆಗ ನನ್ನ ಪಕ್ಕದಲ್ಲಿದ್ದ ಹೆಂಗಸು, ಹೆಸರು ಕೂಡ ಕೇಳಿಕೊಳ್ಳಲಿಲ್ಲ ನಾನು, ಗಟ್ಟಿಯಾಗಿ, "ಅಯ್ಯೋ, ಈ ಕರೆಂಟಿನವರೇ ನಮ್ಮ ಮಕ್ಕಳಿಗೆ ಬ್ರಹ್ಮ ಆಗಿಬಿಟ್ರಲ್ರೇ!" ಎಂದಳು. ಒಂದು ಕ್ಷಣ ಮೌನ. ಆಮೇಲೆ ಒಬ್ಬಳು ಕಿಸಕ್ಕೆಂದಳು. ನೋಡನೋಡುತ್ತ ಬೆಂಚಿಗೆ ಬೆಂಚೇ ನಗತೊಡಗಿತು. ಹೊಟ್ಟೆ ಕುಲುಕುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ನಗು ನಿಂತಾಗ ನಾನು ಬೆಂಚಿನಿಂದ ಎದ್ದಿದ್ದೆ. ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಮನೆಗೆ ಬಂದು "ಕರೆಂಟಿರಲಿಲ್ಲ" ಎಂದೆ. ಮತ್ತೆ ಹೋಗೆಂದಾಗ ಹೋಗಲಿಲ್ಲ. ಆಗಸ್ಟ್‌ನಲ್ಲಿ ಇವಳು ಹುಟ್ಟಿದಳು.

ಗರ್ಭದಲ್ಲಿನ ಲಿಂಗ ಪತ್ತೆಯನ್ನು ತಡೆಯುವ ಕಾನೂನು ಅದೇ 1994ರಲ್ಲಿ ಆಯಿತು, 1996ರ ಜನವರಿಯಿಂದ ಜಾರಿಗೂ ಬಂತು. ಆದರೂ ನಮ್ಮ ರಾಜ್ಯದಲ್ಲಿ 1991ರ ಜನಗಣತಿಯಲ್ಲಿ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 960ರಂತೆ ಇದ್ದ ಹೆಣ್ಣುಮಕ್ಕಳು 2001ರ ಗಣತಿಯ ಹೊತ್ತಿಗೆ 946ಕ್ಕೆ ಇಳಿದರು. ಆ ಬೆಂಚಿನ ಮೇಲೆ ಕರೆಂಟು ಬರುವತನಕ ಕಾದು ಕುಳಿತವರೂ ಇದ್ದರು. ಅವರನ್ನು ದೂರುವ ಹಕ್ಕು ನನಗಿಲ್ಲ. ಬಸ್ಸು ಹತ್ತಿ ಹೋದವಳು ನಾನೂ.

ಆದ್ದರಿಂದ, ತಮಾಷೆಯ ನಡುವೆ ಹೆಣ್ಣುಮಗುವಿನ ಮಾತು ಬರಬಾರದು ಎಂದು ಯಾರಾದರೂ ಹೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ನನ್ನ ಬದುಕಿನಲ್ಲಿ ಅವೆರಡೂ ಒಂದೇ ಬೆಂಚಿನ ಮೇಲೆ ಕುಳಿತಿದ್ದವು. ಅಳುವಿನಿಂದ ನಾನು ಏಳಲಿಲ್ಲ, ಅಳುತ್ತಲೇ ಬಸ್ಸಿನಲ್ಲಿ ಬಂದಿದ್ದೆ. ಉಪದೇಶದಿಂದಲೂ ಏಳಲಿಲ್ಲ, ಹೇಳುವವರು ಯಾರೂ ಇರಲಿಲ್ಲ. ಎಬ್ಬಿಸಿದ್ದು ಒಂದು ಚಟಾಕಿ.

ಅಕ್ಕನ ಮಗನ ವಾದಕ್ಕೂ ನ್ಯಾಯ ಸಲ್ಲಿಸಬೇಕು. ಅವನು ಕೆಟ್ಟವನಲ್ಲ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು, ಬೆಂಗಳೂರಿನ ರಸ್ತೆಯಲ್ಲಿ ಎರಡು ಗಂಟೆ ಕಳೆದು, ರಾತ್ರಿ ಒಂಬತ್ತಕ್ಕೆ ಬರುವವನು. "ದಿನವಿಡೀ ಗಂಭೀರವಾಗಿಯೇ ಇರ್ತೀನಿ ಚಿಕ್ಕಮ್ಮ, ರಾತ್ರಿ ಅರ್ಧ ಗಂಟೆ ನಗೋದು ಬೇಡ್ವಾ?" ಎನ್ನುತ್ತಾನೆ. ಬೇಕು ಮಗು, ಖಂಡಿತ ಬೇಕು. ಮೂರನೆಯ ಸೀಸನ್ನಿನ ಕಂತುಗಳು ಗಂಟೆ ದಾಟಿ ಎಳೆದವು, ನಗು ಕಡಿಮೆಯಾಯಿತು ಎಂಬ ದೂರೂ ಸುಳ್ಳಲ್ಲ. ಇನ್ನೊಂದು ಕಡೆ ನನ್ನ ಮಗಳ ಗೆಳತಿಯೊಬ್ಬಳಿದ್ದಾಳೆ. ಅವಳ ಪ್ರಕಾರ ಹೆಣ್ಣುಮಗುವಿನ ನೋವಿನ ಪಕ್ಕದಲ್ಲಿ ಲೋಳೆಮುದ್ದೆಯ ಪ್ರಣಯ ತೋರಿಸುವುದೇ ಅಪಚಾರ, ಮುಂದಿನ ಸೀಸನ್‌ನಲ್ಲಿ ಹಾಸ್ಯ ಪೂರ್ತಿ ತೆಗೆಯಬೇಕು. ಇವರಿಬ್ಬರೂ ವಿರೋಧಿಗಳೆಂದು ತಿಳಿದುಕೊಂಡಿದ್ದಾರೆ. ನನಗೆ ಇಬ್ಬರೂ ಒಂದೇ ಮಾತು ಹೇಳಿದಂತೆ ಕೇಳುತ್ತದೆ. ನಗುವವರ ಮನೆ ಬೇರೆ, ನೋಯುವವರ ಮನೆ ಬೇರೆ ಎಂದು ನಡುವೆ ಗೋಡೆ ಕಟ್ಟುವ ಮಾತು ಅದು. ಹೆರಿಗೆಮನೆಯಲ್ಲೂ ಸಾವಿನ ಮನೆಯ ಹಿತ್ತಿಲಲ್ಲೂ ಹೆಂಗಸರು ನಕ್ಕಿದ್ದನ್ನು ಇಬ್ಬರೂ ನೋಡಿಲ್ಲವೆಂದು ಕಾಣುತ್ತದೆ.

ಎಲ್ಲೋ ಯಾರೋ ಮಾಡುವ ಧಾರಾವಾಹಿ, ಅದು ಹೀಗಿರಲಿ ಎನ್ನಲು ನೀವು ಯಾರು ಎಂದು ಭಾವನಂಥವರು ಕೇಳಬಹುದು. ಅವರಿಗೊಂದು ಹಳೆಯ ಸಂಗತಿ ಹೇಳುತ್ತೇನೆ. ಆರ್ವಿಲ್‌ಗೆ ತಾಯಿಬೇರಾದ 'ಸ್ಟಾರ್ ಟ್ರೆಕ್' 1966ರಲ್ಲಿ ಶುರುವಾದಾಗ ಅದನ್ನು ತಯಾರಿಸಿದ್ದು ಡೆಸಿಲು ಎಂಬ ಸ್ಟುಡಿಯೋ. ಅದರ ಒಡತಿ ಲೂಸಿಲ್ ಬಾಲ್. ಅಮೆರಿಕವನ್ನೆಲ್ಲ ನಗಿಸಿದ ಹಾಸ್ಯನಟಿ. ಎರಡನೆಯ ಸೀಸನ್ನಿಗೇ ಅದನ್ನು ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿದಾಗ ಬೀಜೋ ಟ್ರಿಂಬಲ್ ಎಂಬ ಹೆಂಗಸು ಗಂಡನ ಜೊತೆ ಸೇರಿ ಪತ್ರ ಚಳವಳಿ ಶುರುಮಾಡಿದಳು. ಕಂಪ್ಯೂಟರ್ ಇಲ್ಲದ ಕಾಲ. ಒಬ್ಬರು ಹತ್ತು ಜನಕ್ಕೆ, ಆ ಹತ್ತು ಜನ ಮತ್ತೆ ಹತ್ತು ಜನಕ್ಕೆ ಹೇಳಿ ಬರೆಸಿದರು. ಒಂದು ಲಕ್ಷಕ್ಕೂ ಮಿಕ್ಕಿ ಪತ್ರಗಳು ಹೋದವೆಂದು ಲೆಕ್ಕ. 1968ರ ಮಾರ್ಚ್ 1ರಂದು ಎನ್.ಬಿ.ಸಿ. ವಾಹಿನಿ ಕಾರ್ಯಕ್ರಮ ಮುಗಿದ ಕೂಡಲೇ ಅದು ಮುಂದುವರಿಯುತ್ತದೆಂದು ಘೋಷಿಸಬೇಕಾಯಿತು. ಮೂರನೆಯ ಸೀಸನ್ ಬಂತು. ಶುಕ್ರವಾರ ರಾತ್ರಿ ಹತ್ತಕ್ಕೆ, ಯಾರೂ ಮನೆಯಲ್ಲಿರದ ಹೊತ್ತಿಗೆ ಅದನ್ನು ತಳ್ಳಿ 1969ರಲ್ಲಿ ನಿಲ್ಲಿಸಿದರು, ಅದು ಬೇರೆ ಮಾತು. ಆದರೆ ಆ ಮೂರನೆಯ ಸೀಸನ್ ಇದ್ದದ್ದರಿಂದಲೇ ಮರುಪ್ರಸಾರಕ್ಕೆ ಸಾಕಷ್ಟು ಕಂತುಗಳಾದವು, ಹೊಸ ಪೀಳಿಗೆ ಅದನ್ನು ನೋಡುವಂತಾಯಿತು. 'ಅರಳು ಮರಳು' ಎನಿಸಿಕೊಂಡವರು ಕಾಗದ ಬರೆಯದಿದ್ದರೆ ಇಂದು ಆರ್ವಿಲ್ ಹಡಗು ಇರುತ್ತಿತ್ತೋ ಇಲ್ಲವೋ.

ಹಾಗಾದರೆ ನನಗೆ ಮುಂದಿನ ಸೀಸನ್‌ನಲ್ಲಿ ಏನು ಬೇಕು? ಇದಕ್ಕೆ ಮೂರನೆಯ ಸೀಸನ್ನಿಗೆ ಹೋಗಬೇಕು. ಟೋಪಾ ಬೆಳೆಯುತ್ತಾನೆ. ಏನೋ ಸರಿಯಿಲ್ಲ ಎಂದು ಒಳಗೊಳಗೇ ಕೊರಗುತ್ತಾನೆ. ಹುಟ್ಟಿದಾಗ ತನಗೇನು ಮಾಡಿದರೆಂಬುದು ಕೊನೆಗೆ ಗೊತ್ತಾಗುತ್ತದೆ. ತಾನು ಹೆಣ್ಣಾಗಿಯೇ ಇರುತ್ತೇನೆಂದು ತಾನೇ ನಿರ್ಧರಿಸುತ್ತಾಳೆ. ಬೋರ್ಟಸ್ ಅವಳ ಬೆನ್ನಿಗೆ ನಿಲ್ಲುತ್ತಾನೆ. ಕ್ಲೈಡನ್, 'ನೀನು ಹುಟ್ಟಲೇಬಾರದಿತ್ತು' ಎಂಬರ್ಥದ ಮಾತಾಡಿ ಮನೆ ಬಿಟ್ಟು ಹೋಗುತ್ತಾನೆ. ಈ ಕ್ಲೈಡನ್ ಯಾರು? ತಾನೂ ಹೆಣ್ಣಾಗಿಯೇ ಹುಟ್ಟಿ, ಶಸ್ತ್ರಚಿಕಿತ್ಸೆಯಿಂದ ಗಂಡಾದವನು.

2022ರ ದೀಪಾವಳಿಗೆ ಬಂದಿದ್ದ ಮಗಳ ಜೊತೆ ಆ ಕಂತು ನೋಡಿದೆ. ಮುಗಿದಾಗ ಈ ಸಲ ಪಾತ್ರೆ ತೊಳೆಯಲು ಹೋಗಲಿಲ್ಲ. ಇಪ್ಪತ್ತೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ನಾನು ಲೋಡ್ ಶೆಡ್ಡಿಂಗಿಗೆ ಹುಟ್ಟಿದವಳಾ?" ಎಂದಳು. ಇಬ್ಬರೂ ನಕ್ಕೆವು. ಅವಳು ನಗುತ್ತಲೇ ಅತ್ತಳು. ಮರುದಿನ ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ಆಮೇಲೆ ಪಕ್ಕಕ್ಕೆ ಬಂದು ಕುಳಿತು ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜಿ ಹಾಗಂದಿದ್ರಾ?"

ಅದಕ್ಕೆ ಉತ್ತರ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಏಕೆಂದರೆ ಇವಳು ಅಜ್ಜಿಯ ಸೆರಗು ಬಿಡದೆ ಬೆಳೆದವಳು. ಅತ್ತೆಯವರು ಮೂವರು ಮೊಮ್ಮಕ್ಕಳಲ್ಲಿ ಇವಳಿಗೇ ಕೈತುತ್ತು ಹಾಕುತ್ತಿದ್ದರು. 2009ರಲ್ಲಿ ಹೋಗುವ ಮುಂಚೆ ತಮ್ಮ ಅವಲಕ್ಕಿ ಸರ ಇವಳಿಗೇ ಸೇರಬೇಕೆಂದು ಹೇಳಿ ಹೋದರು. ಆ ದಿನ ಅಕ್ಕಿ ಆರಿಸುತ್ತ ಆಡಿದ ಮಾತಿನ ಬಗ್ಗೆ ಮಾತ್ರ ಒಮ್ಮೆಯೂ ಬಾಯಿಬಿಡಲಿಲ್ಲ. ಆ ಸರವೇ ಕ್ಷಮೆಯೋ, ಬರೀ ಪ್ರೀತಿಯೋ ನನಗೆ ಇಂದಿಗೂ ಗೊತ್ತಿಲ್ಲ. ತಾವೂ ಹೆಣ್ಣಾಗಿ ಹುಟ್ಟಿ, ಬೈಗುಳ ತಿಂದು ಬೆಳೆದು, ಹೆಣ್ಣು ಬೇಡವೆಂದ ಕ್ಲೈಡನ್‌ಗಳು ನಮ್ಮ ಅಡುಗೆಮನೆಗಳಲ್ಲೇ ಇದ್ದರು. ಅವರು ರಾಕ್ಷಸರಾಗಿರಲಿಲ್ಲ.

ಅದೇ ಸೀಸನ್ನಿನಲ್ಲಿ ಟೋಪಾಳನ್ನು ಅಪಹರಿಸಿ ಹಿಂಸಿಸಿದ ಮೇಲೆ ಕ್ಲೈಡನ್ ಮರಳಿ ಬರುತ್ತಾನೆ, ಕ್ಷಮೆ ಕೇಳುತ್ತಾನೆ. ಕೆಲವರಿಗೆ ಇದು ಸಾಕಾಯಿತು, ಇನ್ನು ಟೋಪಾಳ ಕಥೆ ಮುಗಿಯಿತು ಎನ್ನುತ್ತಾರೆ. ಕೆಲವರಿಗೆ ಅವನನ್ನು ಕ್ಷಮಿಸಿದ್ದೇ ತಪ್ಪು, ಮುಂದಿನ ಸೀಸನ್‌ನಲ್ಲಿ ಅವನ ಮುಖವೇ ಕಾಣಬಾರದು. ಇಬ್ಬರೂ ಅವಸರದವರು. 'ನೀನು ಹುಟ್ಟಬಾರದಿತ್ತು' ಎಂದವರ ಜೊತೆ ಒಂದೇ ಸೂರಿನಡಿ, ಒಂದೇ ಮೇಜಿನಲ್ಲಿ ಉಣ್ಣುವುದು ಹೇಗೆ? ಕ್ಷಮಿಸಿದ ಮರುದಿನ ಬೆಳಿಗ್ಗೆ ಮಗಳು ಅವನನ್ನು ಏನೆಂದು ಮಾತಾಡಿಸುತ್ತಾಳೆ? ಅವನು ಮಾಡಿದ ತಿಂಡಿಯನ್ನು ತಿನ್ನುತ್ತಾಳೆಯೆ? ಕ್ಷಮೆ ಕೇಳುವ ದೃಶ್ಯ ಐದು ನಿಮಿಷದ್ದು. ಅದಾದ ಮೇಲಿನ ಬದುಕು ವರ್ಷಗಟ್ಟಲೆಯದು. ನನ್ನ ಮನೆಯಲ್ಲಿ ಆ ಮಾತು ನಡೆಯಲೇ ಇಲ್ಲ, ನಡೆಸಬೇಕಾದವರು ಹೊರಟುಹೋದರು. ಹಡಗಿನಲ್ಲಾದರೂ ನಡೆಯಲಿ. ನಾನು ನಾಲ್ಕನೆಯ ಸೀಸನ್ನಿಗೆ ಕಾಯುತ್ತಿರುವುದು ಇದಕ್ಕೆ.

ಜೊತೆಗೆ ನಗುವೂ ಇರಲಿ. ಬೋರ್ಟಸ್ ಕಳ್ಳಿಗಿಡ ತಿನ್ನಲಿ. ಕ್ಲೇರ್ ಮದುವೆಯಾದದ್ದು ಆ ಯಂತ್ರಮಾನವ ಐಸಾಕ್‌ನನ್ನೇ. ಅವನಿಗೆ ಸಂಸಾರ ಕಲಿಸುವ ಪಾಡು ತೋರಿಸಿದರೆ ನಮ್ಮ ಓದುಗ ಗೆಳತಿಯರಲ್ಲಿ ಬಹಳ ಮಂದಿಗೆ ತಮ್ಮ ಮನೆಯ ನೆನಪಾಗಿ ನಗು ತಡೆಯಲಾಗದು. ಅಕ್ಕನ ಮಗನೂ ನಗಲಿ. ನಕ್ಕು ಬಾಯಿ ತೆರೆದಿರುವಾಗಲೇ ಟೋಪಾ ಅಲ್ಲಿ ಬಾಗಿಲಲ್ಲಿ ನಿಂತಿರುವುದು ಅವನಿಗೆ ಕಾಣಲಿ.

ಬರುವ ಯುಗಾದಿಗೂ ಅಕ್ಕನ ಮನೆಗೆ ಹೋಗುತ್ತೇನೆ. ಈ ಸಲ ಬಾಗಿಲಲ್ಲಿ ನಿಲ್ಲುವುದಿಲ್ಲ. ಹಜಾರದಲ್ಲಿ, ಕ್ರಿಕೆಟ್ಟಿನವರ ನಡುವೆ ಒಂದು ಕುರ್ಚಿ ಎಳೆದುಕೊಂಡು ಕುಳಿತೇ ಮಾತು ಶುರುಮಾಡುತ್ತೇನೆ. ಮಗಳೂ ಬರುತ್ತೇನೆಂದಿದ್ದಾಳೆ.